ಏಳೂವರೆಯ ಮಾವ

ಮಾವ ಟಿ.ವಿ. ಮುಂದೆ ಕೂತದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಕೂರಲು ಜಾಗವಿಲ್ಲವೆಂದಲ್ಲ, ಹಜಾರದಲ್ಲಿ ಒಂದು ಸೋಫಾ, ಬೆತ್ತದ ಕುರ್ಚಿಗಳು, ಗೋಡೆಗೆ ಒತ್ತಿಸಿದ ಒಂದು ಮಂಚ, ಇಷ್ಟೂ ಇದ್ದವು. ಅತ್ತೆ ಸೋಫಾದ ತುದಿಯಲ್ಲಿ ಕಾಲು ಮಡಚಿ ಕೂತು ಸಾವಧಾನವಾಗಿ ನೋಡುತ್ತಿದ್ದರೆ, ಮಾವ ಕೊರಳಿಗೆ ಅಳತೆಯ ಟೇಪು ಇಳಿಬಿಟ್ಟುಕೊಂಡು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಶತಪಥ ಹಾಕುತ್ತ, ಒಂದೊಂದು ತಿರುವಿನಲ್ಲಿ ನಿಂತು, ಪರದೆಯತ್ತ ಬೆರಳು ಚಾಚಿ ಅಲ್ಲಿದ್ದವರಿಗೆ ಬುದ್ಧಿ ಹೇಳಿ, ಅವರು ಕೇಳದಿದ್ದಾಗ ತಲೆ ಕೊಡವಿ, ಮತ್ತೆ ಹೆಜ್ಜೆ ಕೀಳುತ್ತಿದ್ದರು. ಜಾಹೀರಾತು ಬಂದಾಗಲಾದರೂ ಕೂರುತ್ತಾರೆಯೇ ಎಂದರೆ ಅದೂ ಇಲ್ಲ. ಆಗ ಅವರ ನಡಿಗೆ ಇನ್ನಷ್ಟು ಬಿರುಸಾಗುತ್ತಿತ್ತು, ಏಕೆಂದರೆ ಆ ಹೊತ್ತಿನಲ್ಲಿ ಬೈಯಲು ಯಾರೂ ಸಿಗುತ್ತಿರಲಿಲ್ಲ.

“ಹಗಲೆಲ್ಲ ಮಿಷನ್ ಮುಂದೆ ಕೂತೇ ಇರ್ತೀನಿ. ಸಂಜೆನೂ ಕೂತ್ಕೊಂಡ್ರೆ ಮಂಡಿ ಅಲ್ಲೇ ಹೊಲಿದುಹೋಗುತ್ತೆ,” ಎಂಬುದು ಅವರ ಸಮಜಾಯಿಷಿ. ಅವರು ಕೋಟು ಹೊಲಿಯುವ ದರ್ಜಿ. ಮನೆಯಿಂದ ಎರಡು ಬೀದಿ ಆಚೆ, ಬೀಗದ ಅಂಗಡಿಗೂ ಬ್ರೆಡ್ಡಿನಂಗಡಿಗೂ ನಡುವೆ, ನಿಂತರೆ ಗೋಡೆಗೆ ಮೊಣಕೈ ತಾಗುವಷ್ಟು ಕಿರಿದಾದ ಅಂಗಡಿ. ಗಿರಾಕಿ ಎಂಥವನೇ ಆಗಿರಲಿ, ಏಳೂವರೆಯ ಧಾರಾವಾಹಿಗೆ ಹೊತ್ತಾಯಿತೆಂದರೆ ಮಾವ ಶಟರ್ ಎಳೆದುಬಿಡುತ್ತಿದ್ದರು. ಒಮ್ಮೆ ಯಾರೋ ದೊಡ್ಡ ಮನುಷ್ಯರ ಬಲತೋಳನ್ನಷ್ಟೇ ಅಳೆದು, ಎಡತೋಳನ್ನು ಮರುದಿನಕ್ಕೆ ಬಿಟ್ಟು ಮನೆಗೆ ಬಂದದ್ದೂ ಉಂಟು. ಆ ಧಾರಾವಾಹಿಗೆ ಒಂದು ಉದ್ದವಾದ, ಒಳ್ಳೆಯ ಹೆಸರೇ ಇತ್ತು, ಆದರೆ ಈ ಮನೆಯಲ್ಲಿ ಅದು ಬರೀ ‘ಏಳೂವರೆ’. ಬೀದಿಯವರು ಮಾವನನ್ನೂ ‘ಏಳೂವರೆ ಮಾಸ್ಟ್ರು’ ಎಂದೇ ಕರೆಯುತ್ತಿದ್ದರು. “ಶನಿ ಹಿಡಿದ್ರೂ ಏಳೂವರೆ ವರ್ಷಕ್ಕೆ ಬಿಟ್ಟು ಹೋಗ್ತಾನೆ. ಇವರ ಏಳೂವರೆ ಬಿಡೋ ಜಾತಿದಲ್ಲ,” ಎಂದು ಅತ್ತೆ ನಿಟ್ಟುಸಿರು ಬಿಡುತ್ತಿದ್ದರು, ಹಾಗೆನ್ನುತ್ತಲೇ ಟಿ.ವಿ.ಯ ದನಿಯನ್ನು ಇನ್ನಷ್ಟು ಏರಿಸುತ್ತಿದ್ದರು.

ಮಾವನ ವಿಮರ್ಶೆಗೆ ಇದ್ದದ್ದು ಒಂದೇ ಪರಿಭಾಷೆ: ಅಳತೆ. ಕಥೆ ಕೆಟ್ಟರೆ ಅಳತೆ ತಪ್ಪಿದೆ, ನಟನೆ ಹೆಚ್ಚಾದರೆ ಅಳತೆ ಮೀರಿದೆ, ಅಳು ಜಾಸ್ತಿಯಾದರೆ ಬಟ್ಟೆ ಮಿಕ್ಕಿದೆ. ಒಂದು ಲೋಟ ಕೈಜಾರಿ ಬಿದ್ದರೆ ಮನೆಮಂದಿಯ ಮುಖಗಳನ್ನೆಲ್ಲ ಒಂದೊಂದಾಗಿ, ಅದೂ ಸಾಲದೆಂದು ಮತ್ತೊಂದು ಸುತ್ತು, ಸಿಡಿಲು ಬಡಿದ ಸದ್ದಿನೊಂದಿಗೆ ತೋರಿಸುವುದನ್ನು ಅವರು ಜನ್ಮದಲ್ಲಿ ಕ್ಷಮಿಸಲಾರರು. “ಅಷ್ಟು ಹೊತ್ತಿಗೆ ಲೋಟ ತೊಳೆದು ಇಡಬಹುದಿತ್ತಲ್ಲ!” ಧಾರಾವಾಹಿಯ ಮನೆಯಲ್ಲಿ ಯಾರೂ ದುಡಿಯಲು ಹೋಗದಿರುವುದು, ಕೇಡು ಬಗೆಯುವ ಹೆಂಗಸು ಬಾಗಿಲು ತೆರೆದಿಟ್ಟುಕೊಂಡೇ ಗಟ್ಟಿಯಾಗಿ ಪಿತೂರಿ ಮಾಡುವುದು, ಮನೆಯ ಯಜಮಾನ ಕೋಟು ತೊಟ್ಟುಕೊಂಡೇ ಮಲಗುವುದು, ಎಲ್ಲಕ್ಕೂ ಅವರ ಬಳಿ ಕಟುವಾದ ಟಿಪ್ಪಣಿ ಇತ್ತು. ಕಿರಿಮಗನ ಪಾತ್ರಧಾರಿಯನ್ನು ಒಂದು ಸೋಮವಾರ ಇದ್ದಕ್ಕಿದ್ದಂತೆ ಬದಲಿಸಿ, ಹೊಸ ಮುಖವನ್ನು ಆ ತಾಯಿ ಎಂದಿನಂತೆ ಎದೆಗಪ್ಪಿಕೊಂಡಾಗ ಮಾವ ಕೆರಳಿ ಕೆಂಡವಾದರು: “ಮುಖ ಬೇರೆ, ದನಿ ಬೇರೆ, ಎದೆ ಅಳತೆ ಎರಡಿಂಚು ಜಾಸ್ತಿ. ಹೆತ್ತೋಳಿಗೆ ಗೊತ್ತಾಗ್ಲಿಲ್ವಾ?” ಮತ್ತು ಅವರು ಹೇಳುವ ಪ್ರತಿಯೊಂದು ವಿವರಕ್ಕೂ ಅತ್ತೆಯದೊಂದು ತಿದ್ದುಪಡಿ ಬಾಲದಂತೆ ಹಿಂಬಾಲಿಸುತ್ತಿತ್ತು. ಲೋಟ ಬಿದ್ದದ್ದು ಹಜಾರದಲ್ಲಲ್ಲ, ಅಡುಗೆಮನೆಯಲ್ಲಿ. ಅವಳುಟ್ಟದ್ದು ಕೆಂಪಲ್ಲ, ಕಂದು. ತಪ್ಪು ವಿವರವೊಂದು ತಿದ್ದಿಸಿಕೊಳ್ಳದೆ ಆ ಹಜಾರವನ್ನು ದಾಟಿ ಹೋದದ್ದಿಲ್ಲ.

ಈ ವಿಮರ್ಶೆಯ ನಿಜವಾದ ಶ್ರೋತೃ ಸೊಸೆ. ಈ ಮನೆಯ ದೊಡ್ಡ ಮಗನ ಹೆಂಡತಿ. ಆ ಮಗ ಜ್ವರವೆಂದು ಮಲಗಿದವನು ಏಳಲಿಲ್ಲ. ಕಿರಿಮಗನೂ ಅವನ ಹೆಂಡತಿಯೂ ಬೇರೆ ಊರಿನಲ್ಲಿದ್ದುದರಿಂದ ಮನೆಯಲ್ಲಿ ಉಳಿದವರು ಈ ಮೂವರೇ. ಕೆಲವು ತಿಂಗಳು ಕಳೆದ ಮೇಲೆ ಸೊಸೆ ಕನ್ನಡಕದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಂಗಡಿ ಮುಚ್ಚಿ ಅವಳು ಮನೆ ಸೇರುವ ಹೊತ್ತಿಗೆ ಏಳೂವರೆ ಮುಗಿದಿರುತ್ತಿತ್ತು. ಮೊದಮೊದಲು ಆ ರಾತ್ರಿಯ ಊಟಗಳನ್ನು ಊಟವೆನ್ನುವ ಹಾಗಿರಲಿಲ್ಲ: ಮೂರು ತಟ್ಟೆ, ಮೂರು ತಗ್ಗಿದ ತಲೆ, ಯಾರು ಬಾಯಿ ತೆರೆದರೂ ಹೋದವನ ಹೆಸರು ಬಂದೀತೆಂಬ ಭಯ. ಆ ಹೆಸರು ಬಂದರೆ ಮಾವ ಕೈತೊಳೆದು ಎದ್ದುಹೋಗುತ್ತಿದ್ದರು. ಹೀಗಿರುತ್ತ ಒಂದು ದಿನ ಅವರು ತಮ್ಮ ಊಟವನ್ನು ಬೇಗನೆ ಮುಗಿಸಿ, ಸೊಸೆ ತಟ್ಟೆಯ ಮುಂದೆ ಕೂತಾಗ, ಟೇಪಿನ ಎರಡೂ ತುದಿಗಳನ್ನು ಹಿಡಿದುಕೊಂಡು ಓಡಾಡುತ್ತ, “ಇವತ್ತು ಏಳೂವರೆಯಲ್ಲಿ ಏನಾಯ್ತು ಗೊತ್ತಾ, ದೊಡ್ಡೋಳೇ?” ಎಂದು ಶುರುಮಾಡಿದರು. ಅವಳು ತಲೆ ಎತ್ತಿದಳು. ಅತ್ತೆ ಒಂದು ವಿವರ ತಿದ್ದಿದರು. ಅಂದು ಅವಳು ಎರಡನೆಯ ಸಲ ಬಡಿಸಿಕೊಂಡಳು. ಅಲ್ಲಿಂದ ಮುಂದೆ ಆ ಮನೆಯ ಊಟ ಏಳೂವರೆಯ ಕಥೆಯಿಲ್ಲದೆ ನಡೆಯಲಿಲ್ಲ.

ಧಾರಾವಾಹಿಯವರಿಗೆ ಇದೆಲ್ಲ ತಿಳಿಯುವುದಾದರೂ ಹೇಗೆ? ಅವರು ತಮ್ಮ ಲೆಕ್ಕಾಚಾರದಲ್ಲಿ, ದೊಡ್ಡ ಮಗನ ಪಾತ್ರಧಾರಿ ಬೇರೆ ಕಡೆ ಹೋದನೆಂಬ ಕಾರಣಕ್ಕೆ, ಆ ಪಾತ್ರವನ್ನು ಕಾರಿನ ಸಮೇತ ಕಣಿವೆಗೆ ತಳ್ಳಿ, ಮಾರನೆಯ ದಿನ ಅವನನ್ನು ಗೋಡೆಯ ಮೇಲಿನ ಫೋಟೋ ಮಾಡಿಬಿಟ್ಟರು. ಅಂದು ಭಾನುವಾರವೇನೋ ಅಲ್ಲ, ಆದರೆ ಕನ್ನಡಕದಂಗಡಿಗೆ ರಜೆಯಿದ್ದುದರಿಂದ ಸೊಸೆಯೂ ಹಜಾರದಲ್ಲಿದ್ದಳು. ಫೋಟೋ ಕಂಡದ್ದೇ ಅತ್ತೆ ಎದ್ದು ಟಿ.ವಿ. ಆರಿಸಿದರು. ಮಾವ ಒಂದು ಕ್ಷಣ ನಿಂತರು, ಮತ್ತೆ ಹೋಗಿ ಹಾಕಿದರು. “ಇರಲಿ. ಅವರ ಮನೇಲಿ ಹೇಗೆ ಮಾಡ್ತಾರೆ ನೋಡೋಣ,” ಎಂದರು. ಆ ದನಿಯಲ್ಲಿ ವಿಮರ್ಶೆಯಿರಲಿಲ್ಲ. ದಾರಿ ಗೊತ್ತಿಲ್ಲದವನು ಮುಂದೆ ಹೋಗುತ್ತಿರುವವರನ್ನು ನೋಡಿಕೊಂಡು ಹೆಜ್ಜೆ ಹಾಕುತ್ತಾನಲ್ಲ, ಅಂಥ ಒಂದು ದೀನವಾದ ಕುತೂಹಲವಿತ್ತು. ಅದನ್ನು ಕೇಳಿ ಸೊಸೆಗೆ ತನ್ನ ದುಃಖಕ್ಕಿಂತ ಅವರದೇ ದೊಡ್ಡದೆನ್ನಿಸಿತು.

ಆದರೆ ‘ಅವರ ಮನೆ’ಯವರಿಗೂ ದಾರಿ ಗೊತ್ತಿರಲಿಲ್ಲ. ಧಾರಾವಾಹಿಯ ದೊಡ್ಡ ಸೊಸೆಯನ್ನು ಅವರು ಮಹಡಿಯ ಕಿಟಕಿಯ ಬಳಿ ನಿಲ್ಲಿಸಿ ಮರೆತುಬಿಟ್ಟರು. ಪಿತೂರಿಗಳು ನಡೆದವು, ಕಾಣೆಯಾದ ಅವಳಿಮಕ್ಕಳು ಸಿಕ್ಕರು, ನೆನಪು ಕಳೆದುಕೊಂಡವರಿಗೆ ನೆನಪು ಬಂತು. ಅವಳು ಮಾತ್ರ ಸರಳು ಹಿಡಿದು, ಮಾತೊಂದಿಲ್ಲದೆ, ಹೊರಗೆ ನೋಡುತ್ತ ನಿಂತೇ ಇದ್ದಳು. ಮಾವನ ನೆಮ್ಮದಿ ಕೆಟ್ಟುಹೋಯಿತು. ಅಂಗಡಿಯಲ್ಲಿ ಕತ್ತರಿ ಹಿಡಿದಾಗಲೂ ಅವರಿಗೆ ಆ ಕಿಟಕಿಯದೇ ಧ್ಯಾನ. “ಒಂದು ಡೈಲಾಗಾದ್ರೂ ಕೊಡಬಾರದಾ ಆ ಹುಡುಗಿಗೆ? ಎಷ್ಟು ದಿನ ಅಂತ ನಿಂತಿರ್ತಾಳೆ? ಕಾಲು ನೋಯಲ್ವಾ?” ಎಂದು ಬೀಗದಂಗಡಿಯವನನ್ನು ಕೇಳಿದರೆ ಅವನೇನು ಹೇಳಿಯಾನು!

ಇತ್ತ ಸೊಸೆಗೂ ನೆಮ್ಮದಿಯಿರಲಿಲ್ಲ, ಆದರೆ ಕಾರಣ ಬೇರೆ. ಕನ್ನಡಕದಂಗಡಿಯ ಹಿಂಬದಿಯಲ್ಲಿ ಗಾಜುಗಳನ್ನು ಚೌಕಟ್ಟಿನ ಅಳತೆಗೆ ಉಜ್ಜುವ ಒಬ್ಬನಿದ್ದ. ಮಿತಭಾಷಿ. ವರ್ಷಗಟ್ಟಲೆ ಒಂದೇ ಪಕ್ಕಕ್ಕೆ ಬಾಗಿ ಕೆಲಸ ಮಾಡಿ ಅವನ ಎಡಭುಜ ಕೊಂಚ ಇಳಿದಿತ್ತು. ಅವನು ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ, “ನಿಮಗೆ ಒಪ್ಪಿಗೆ ಇದ್ರೆ, ನಾವಿಬ್ರೂ ಮದುವೆ ಆಗಬಹುದಾ ಅಂತ. ಆತುರ ಏನಿಲ್ಲ, ಯೋಚನೆ ಮಾಡಿ ಹೇಳಿ,” ಎಂದ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮನಸ್ಸು ಒಪ್ಪಿತ್ತು, ಅದೇ ಕಷ್ಟವಾದದ್ದು. ಹೂಂ ಎಂದರೆ ಆ ಹಜಾರದ ಊಟದಿಂದ ಎದ್ದುಹೋಗಬೇಕು. ಮಗನನ್ನು ಕಳೆದುಕೊಂಡ ಇಬ್ಬರಿಗೆ, ನಿಮ್ಮ ಮಗನ ಜಾಗಕ್ಕೆ ಬೇರೊಬ್ಬ ಬಂದಿದ್ದಾನೆ ಎಂದು ಯಾವ ಬಾಯಿಂದ ಹೇಳುವುದು? ಕಿರಿಮಗನ ಪಾತ್ರಕ್ಕೆ ಬದಲಿ ಬಂದಾಗಲೇ ಅಷ್ಟು ಕೆರಳಿದವರು ಇದನ್ನು ಹೇಗೆ ತಾಳಿಯಾರು?

ಅಂಥ ದಿನಗಳಲ್ಲೇ ಆ ಎಡವಟ್ಟು ನಡೆದದ್ದು. ಒಣಗಿದ ಬಟ್ಟೆಗಳ ರಾಶಿ ಹೊತ್ತು ಅವಳು ತಾರಸಿಯಿಂದ ಇಳಿಯುತ್ತಿದ್ದಾಗ ಮಾವ ಹಜಾರದಲ್ಲಿ ಓಡಾಡುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಆಚೆ ಕಡೆ ಅವರ ಅಕ್ಕ. ಅವರೂ ಏಳೂವರೆಯ ಭಕ್ತೆ, ಕಿವಿ ಮಂದವಾದ್ದರಿಂದ ಮಾವನ ದನಿ ಬೀದಿಗೆ ಕೇಳುವಂತಿತ್ತು. “ದೊಡ್ಡ ಸೊಸೇನ ಇನ್ನೂ ಯಾಕಕ್ಕ ಇಟ್ಕೋಬೇಕು ಮನೇಲಿ? ಗಂಡನೇ ಇಲ್ಲದ ಮೇಲೆ ಏನಿದೆ ಅವಳಿಗೆ ಇಲ್ಲಿ? ಕಳಿಸಿಬಿಡಬೇಕು. ನೋಡಿ ನೋಡಿ ಸಾಕಾಗಿದೆ ನನಗೆ.”

ಮೆಟ್ಟಿಲ ಮೇಲೆ ಸೊಸೆಯ ಕಾಲು ನಿಂತುಹೋಯಿತು. ಎಲ್ಲ ಗೊತ್ತಾಗಿದೆ ಎಂದುಕೊಂಡಳು. ಆ ಸಂಜೆ ಅವಳು ತನ್ನ ಬಟ್ಟೆಗಳನ್ನೆಲ್ಲ ಮಡಚಿ ಪೆಟ್ಟಿಗೆಗೆ ತುಂಬಿದಳು, ಬೆಳಗ್ಗೆ ತೆಗೆದಳು, ಸಂಜೆ ಮತ್ತೆ ತುಂಬಿದಳು. ಊಟಕ್ಕೆ ಹಸಿವಿಲ್ಲವೆಂದಳು. ಕೊನೆಗೆ ಅತ್ತೆ ಕೋಣೆಗೆ ಬಂದು ಪೆಟ್ಟಿಗೆ ನೋಡಿ ಗಾಬರಿಯಾಗಿ ಕೇಳಿದಾಗ, ಅಳು ತಡೆಯಲಾರದೆ ಕೇಳಿಸಿಕೊಂಡದ್ದನ್ನು ಹೇಳಿಬಿಟ್ಟಳು. ಅತ್ತೆ ಮೊದಲು ಬೆಪ್ಪಾದರು, ಆಮೇಲೆ ಹಣೆ ಚಚ್ಚಿಕೊಂಡು ನಕ್ಕರು: “ಅಯ್ಯೋ ಮಂಕೇ, ಅದು ಏಳೂವರೆಯ ದೊಡ್ಡ ಸೊಸೆ ಕಣೇ! ಆ ಕಿಟಕಿಯೋಳು!” ಸೊಸೆಯೂ ಅಳುತ್ತಳುತ್ತಲೇ ನಕ್ಕಳು.

ನಗದೆ ಉಳಿದವರು ಮಾವ ಒಬ್ಬರೇ. ಬಾಗಿಲಲ್ಲಿ ನಿಂತು, ತುಂಬಿದ ಪೆಟ್ಟಿಗೆಯನ್ನೇ ನೋಡುತ್ತ, “ನಾನು ಅಂಥ ಮಾತು ಆಡಿದೆ ಅಂತ ಅನ್ಕೊಂಡ್ಯಾ?” ಎಂದರು. ಅವಳು ಉತ್ತರಿಸುವ ಮೊದಲೇ ತಿರುಗಿ ಹೋದರು. ಅಂದು ರಾತ್ರಿ ಊಟ ಮುಗಿದ ಮೇಲೂ ಅವರ ನಡಿಗೆ ನಿಲ್ಲಲಿಲ್ಲ. ಚಪ್ಪಲಿಯ ಸದ್ದು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಹೋಗಿ ಬರುತ್ತಲೇ ಇತ್ತು.

ಅದಾದ ಕೆಲವೇ ದಿನಗಳಿಗೆ, ಊಟದ ಹೊತ್ತಿನಲ್ಲಿ, ಮಾವ ಸಂಭ್ರಮದಿಂದ ಘೋಷಿಸಿದರು: “ದೊಡ್ಡೋಳೇ, ಇವತ್ತು ಆ ಹುಡುಗಿ ಕಿಟಕಿ ಬಿಟ್ಟು ಈಚೆ ಬಂದ್ಲು!”

“ನಿಜವಾಗ್ಲೂ ಮಾವ?”

“ಬಂದು ಕೆಳಗಿಳಿದು, ಚಪ್ಪಲಿ ಮೆಟ್ಕೊಂಡು, ಬೀದಿಗೆ ಹೋದ್ಲು. ಔಷಧಿ ಅಂಗಡೀಲಿ ಕೆಲಸಕ್ಕೆ ಸೇರಿದಾಳೆ.”

ಏಳೂವರೆಗೆ ಹೊಸ ಕಳೆ ಬಂತು. ಪಿತೂರಿಗಾತಿ ಹಿಂದೆ ಸರಿದಳು, ಲೋಟಗಳು ಬೀಳುವುದು ನಿಂತಿತು. ಔಷಧಿ ಅಂಗಡಿಗೆ ಒಬ್ಬ ಹೊಸಬ ಬಂದ. ಅವನು ಯಾವ ಊರಿನವನು, ಏನು ಓದಿದ್ದಾನೆ ಎಂಬುದನ್ನೆಲ್ಲ ಬಿಟ್ಟು ಮಾವ ಅವನ ಉಡುಪನ್ನೇ ಬಣ್ಣಿಸಿದರು. ಅದು ಅವರ ಪದ್ಧತಿಯಾದ್ದರಿಂದ ಸೊಸೆಗೆ ವಿಶೇಷವೆನ್ನಿಸಲಿಲ್ಲ. “ಭುಜ ಒಂದು ಕಡೆ ಸ್ವಲ್ಪ ಇಳಿ. ಆದ್ರೆ ಅದನ್ನ ಮುಚ್ಚೋಕೆ ಕೋಟಿಗೆ ಪ್ಯಾಡ್ ಹಾಕಿಸಿಲ್ಲ. ಪ್ಯಾಡ್ ಬೇಡ ಅನ್ನೋನು ನಂಬಿಕಸ್ಥ, ನೋಡ್ತಿರು.” ಕೋಟು ತೊಟ್ಟು ಮಲಗುತ್ತಿದ್ದ ಆ ಮನೆಯ ಯಜಮಾನ, ಇಷ್ಟು ಕಾಲ ಮಾವನ ಬೈಗುಳಕ್ಕೆ ಹುಟ್ಟಿದವನಂತಿದ್ದವನು, ಅವನಿಗೂ ಬುದ್ಧಿ ಬಂದಿತ್ತು. ಒಂದು ದಿನ ಅವನು ತನ್ನ ದೊಡ್ಡ ಸೊಸೆಯನ್ನು ಕರೆದು ಮಾತಾಡಿದನಂತೆ.

“ಏನಂದ್ರು?” ಎಂದಳು ಇವಳು, ತುತ್ತು ಕೈಯಲ್ಲೇ ಹಿಡಿದು.

ಮಾವ ಗೋಡೆಯ ಕಡೆ ತಿರುಗಿ ನಿಂತು ಹೇಳಿದರು: “ನೀನು ಹೋದ್ರೆ ನನ್ನ ಮಗ ಇನ್ನೊಂದು ಸಲ ಹೋದ ಹಾಗಾಗುತ್ತೆ ಅಂತ ಅನ್ಕೋಬೇಡ. ಅವನು ಹೋಗಿ ಆಯ್ತು. ಇರೋಳು ನೀನು. ಹಾಗಂದ.”

ಅತ್ತೆ ನೀರಿನ ಲೋಟವನ್ನೇ ನೋಡುತ್ತ ಕೂತಿದ್ದರು. ಏನನ್ನೂ ತಿದ್ದಲಿಲ್ಲ. ಸೊಸೆ ಹಿಡಿದ ತುತ್ತನ್ನು ತಟ್ಟೆಗಿಟ್ಟು, “ಬರೆಯೋರು ಬದಲಾದ್ರಾ ಮಾವ?” ಎಂದು ಕೇಳಿದಳು. “ಹೂಂ, ಬದಲಾಗಿರಬೇಕು,” ಎಂದರು ಮಾವ, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ.

ಗುಟ್ಟು ಒಡೆದದ್ದು ಕನ್ನಡಕದಂಗಡಿಯಲ್ಲಿ. ಒಬ್ಬ ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು, ಹಿಂದೆ ಸರಿದು, ಮುಂದೆ ಬಂದು, ತೃಪ್ತಿಯಾಗದೆ ಗೊಣಗುತ್ತಿದ್ದರು. “ಓದೋಕೆ ಸರಿ ಇದೆ ಕಣಮ್ಮ, ಟಿ.ವಿ. ನೋಡೋ ದೂರಕ್ಕೆ ಆಗಲ್ಲ. ಏಳೂವರೆ ಸೀರಿಯಲ್ಲಲ್ಲಿ ಆ ದೊಡ್ಡ ಸೊಸೆ ಕಿಟಕಿ ಹತ್ರ ನಿಂತಿರ್ತಾಳಲ್ಲ, ಅವಳ ಮುಖಾನೇ ಕಾಣಲ್ಲ.”

ಸೊಸೆ ನಕ್ಕಳು. “ಈಗೆಲ್ಲಿ ಕಿಟಕಿ ಅಜ್ಜಿ? ಅವಳು ಔಷಧಿ ಅಂಗಡಿಗೆ ಹೋಗ್ತಿದಾಳಲ್ಲ.”

“ಯಾವ ಔಷಧಿ ಅಂಗಡಿ? ನಿನ್ನೆನೂ ಅಲ್ಲೇ ನಿಂತಿದ್ಲು. ಕಣ್ಣು ಮಂಜು ನಿಜ, ಕುರುಡಿ ಅಲ್ಲ ನಾನು.”

ಅಜ್ಜಿ ತೆಗೆದುಕೊಟ್ಟ ಕನ್ನಡಕ ಸೊಸೆಯ ಕೈಯಲ್ಲೇ ಉಳಿಯಿತು. ಅಂಗಡಿಯ ಹಿಂಬದಿಯಲ್ಲಿ ಗಾಜು ಉಜ್ಜುವವನು ಯಂತ್ರದ ಮೇಲೆ ಬಾಗಿದ್ದ, ಅವನ ಎಡಭುಜ ಇಳಿದಿತ್ತು. ಅಂಗಡಿಯ ಎಲ್ಲ ಗಂಡಸರಿಗೂ ಯಜಮಾನರು ಕೆಲವು ವಾರಗಳ ಹಿಂದೆ ಒಂದೇ ಬಗೆಯ ನೀಲಿ ಕೋಟು ಹೊಲಿಸಿದ್ದರು. ಆ ಕೆಲಸವನ್ನು ಮಾವನಿಗೆ ಕೊಡಿಸಿದವಳು ಅವಳೇ. ಅವಳು ಒಳಗೆ ಹೋಗಿ ನಿಂತು, ಅಳತೆ ಕೊಟ್ಟ ದಿನ ಮಾವ ಏನಾದರೂ ಕೇಳಿದರೇ ಎಂದಳು.

ಅವನು ಯಂತ್ರ ನಿಲ್ಲಿಸಿ ನೆನಪು ಮಾಡಿಕೊಂಡ. “ಎಡಭುಜ ಇಳಿ ಇದೆ, ಪ್ಯಾಡ್ ಹಾಕ್ಲಾ ಅಂದ್ರು. ಬೇಡಿ, ಇರೋ ಭುಜನೇ ಇರಲಿ ಅಂದೆ. ಆಮೇಲೆ, ನಮ್ಮ ದೊಡ್ಡೋಳು ಮಧ್ಯಾಹ್ನ ಸರಿಯಾಗಿ ಊಟ ಮಾಡ್ತಾಳಾ ಅಂತ ಕೇಳಿದ್ರು. ಅರ್ಧ ಡಬ್ಬಿ ಹಾಗೇ ವಾಪಸ್ ಹೋಗುತ್ತೆ, ಸಪ್ಪಗಿದ್ದ ದಿನ ಮುಚ್ಚಳ ತೆಗೆಯೋದೂ ಇಲ್ಲ ಅಂದೆ. ಅವರು ಟೇಪು ಹಿಡ್ಕೊಂಡು ಹಾಗೇ ನಿಂತುಬಿಟ್ರು. ನಾನೇನಾದ್ರೂ ತಪ್ಪು ಹೇಳಿದ್ನಾ?”

ಏನೂ ತಪ್ಪು ಹೇಳಿರಲಿಲ್ಲ. ಒಬ್ಬಳ ಡಬ್ಬಿಯ ಮುಚ್ಚಳವನ್ನು ಅಷ್ಟು ಗಮನವಿಟ್ಟು ನೋಡುವವನು ಯಾರೆಂಬುದನ್ನು ಅಳೆಯಲು ದರ್ಜಿಗೆ ಟೇಪು ಬೇಕಾಗುವುದಿಲ್ಲ. ಬಸ್ಸಿನಲ್ಲಿ ಮನೆಗೆ ಬರುತ್ತ ಅವಳಿಗೆ ಮಾವನಿಗಿಂತ ಹೆಚ್ಚಾಗಿ ಅತ್ತೆ ನೆನಪಾದರು. ಪ್ರತಿ ಸಂಜೆ ಸೋಫಾದ ತುದಿಯಲ್ಲಿ ಕೂತು, ಆ ಹುಡುಗಿ ಕಿಟಕಿಯ ಬಳಿಯೇ ನಿಂತಿರುವುದನ್ನು ಕಣ್ಣಾರೆ ನೋಡಿದವರು. ಕೆಂಪನ್ನು ಕಂದೆಂದು ತಿದ್ದದೆ ಬಿಡದವರು. ಊಟದ ಹೊತ್ತಿಗೆ ಗಂಡ ಹೇಳುವ ಈ ಹಸಿ ಸುಳ್ಳನ್ನು ವಾರಗಟ್ಟಲೆ ಕೇಳಿಯೂ ತುಟಿ ಬಿಚ್ಚಿರಲಿಲ್ಲ. ಸೊಸೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತಳು.

ಅಂದು ಊಟಕ್ಕೆ ಕೂತಾಗ ಮಾವ ಎಂದಿನಂತೆ ಟೇಪು ಹಿಡಿದು ಮೊದಲ ಹೆಜ್ಜೆ ಇಟ್ಟರು. ಅವಳು ತಡೆದಳು. “ಮಾವ, ಇವತ್ತಿನ ಕಥೆ ನಾನು ಹೇಳ್ಲಾ?”

ಮಾವ ನಿಂತರು. ಅತ್ತೆಯ ಕೈ ಸೌಟಿನ ಮೇಲೆ ನಿಂತಿತು.

“ಆ ದೊಡ್ಡ ಸೊಸೆಗೆ ಹೂಂ ಅನ್ನೋಕೆ ಮನಸ್ಸಿದೆ,” ಎಂದಳು ಅವಳು, ತಟ್ಟೆಯನ್ನೇ ನೋಡುತ್ತ. “ಆದ್ರೆ ಒಂದೇ ಚಿಂತೆ. ಅವಳು ಹೋದ್ರೆ, ಊಟದ ಹೊತ್ತಿಗೆ ಆ ಮಾವ ಕಥೆ ಹೇಳೋದು ಯಾರಿಗೆ?”

ಮಾವ ಬಾಗಿಲಿನ ತನಕ ಹೋದರು, ಕಿಟಕಿಯ ತನಕ ಬಂದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡರು. ಆಮೇಲೆ ಒಂದು ಬೆತ್ತದ ಕುರ್ಚಿಯನ್ನು ಎಳೆದು, ಅದರ ಮೇಲಿದ್ದ ಬಟ್ಟೆಗಳನ್ನು ಪಕ್ಕಕ್ಕಿಟ್ಟು, ಅವಳ ಎದುರಿಗೆ ಕೂತರು.

“ಆ ಮಾವನ ಹತ್ರ ಫೋನ್ ಇಲ್ವಾ?” ಎಂದರು. ಎಂದಿನ ಗದರುವ ದನಿಯೇ. “ಅಕ್ಕನಿಗೆ ಫೋನ್ ಮಾಡಿ ಕಥೆ ಹೇಳೋನು ಮಗಳಿಗೆ ಹೇಳಲ್ವಾ?”

ಸೊಸೆ ಎನ್ನಬೇಕಾದ ಕಡೆ ಮಗಳು ಎಂದ ಆ ತಪ್ಪನ್ನು ಅತ್ತೆ ಕೇಳಿಸಿಕೊಂಡರು. ತಿದ್ದಲಿಲ್ಲ. ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಮದುವೆಗೆ ಹೊಸ ಕೋಟನ್ನು ಮಾವನೇ ಹೊಲಿದರು, ಪ್ಯಾಡ್ ಹಾಕಲಿಲ್ಲ. ಅವಳೀಗ ಬೇರೆ ಬೀದಿಯ ಬೇರೆ ಮನೆಯಲ್ಲಿ, ರಾತ್ರಿ ಊಟಕ್ಕೆ ಕೂತಾಗ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಳ್ಳುತ್ತಾಳೆ. ಧಾರಾವಾಹಿ ಇನ್ನೂ ಮುಗಿದಿಲ್ಲ. ಆ ಹುಡುಗಿ ಕಿಟಕಿಯ ಬಳಿ ನಿಂತೇ ಇದ್ದಾಳೆ, ಮಾವ ಓಡಾಡುತ್ತಲೇ ಇದ್ದಾರೆ, ಅಳತೆ ತಪ್ಪುತ್ತಲೇ ಇದೆ. ಅತ್ತೆಯ ತಿದ್ದುಪಡಿಗಳು ಫೋನಿನ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ.

ಲೋಕದಲ್ಲಿ ಇಂಥವರು ಬಹಳ ಮಂದಿ. ಸ್ವಂತ ಮನೆಯ ವಿಷಯಕ್ಕೆ ಬಂದರೆ ನಾಲಗೆ ಹೊರಳುವುದಿಲ್ಲ, ಕಂಡವರ ಮನೆಯ ವಿಷಯವೆಂದರೆ ಬೀದಿಗೆ ಕೇಳುವಷ್ಟು ಗಂಟಲು. ಸುಳ್ಳು ಮನುಷ್ಯರಿಗಾಗಿ ನಿಜವಾದ ಕಣ್ಣೀರು ಹಾಕುತ್ತಾರೆಂದು ಅವರನ್ನು ಹಾಸ್ಯ ಮಾಡುವುದು ಸುಲಭ. ಆದರೆ ನೇರವಾಗಿ ಆಡಿದರೆ ಆಡಿದವರೂ ಕೇಳಿದವರೂ ತಾಳಲಾರದ ಮಾತುಗಳು ಪ್ರತಿ ಮನೆಯಲ್ಲೂ ಒಂದಿಷ್ಟು ಇರುತ್ತವೆ. ಅವುಗಳನ್ನು ಇಳಿಸಿಡಲು ಇವರು ಒಂದು ಪರರ ಮನೆ ಹುಡುಕಿಕೊಳ್ಳುತ್ತಾರೆ, ಆ ಮನೆ ಎಷ್ಟು ಸುಳ್ಳಾಗಿದ್ದರೆ ಅಷ್ಟು ಅನುಕೂಲ. ಅಂಥವರು ಪರದೆಯತ್ತ ಬೆರಳು ಚಾಚಿ ಗದರುತ್ತಿರುವಾಗ ಪಕ್ಕದಲ್ಲಿರುವವರು ಸ್ವಲ್ಪ ಕಿವಿಗೊಟ್ಟು ಕೇಳುವುದು ಒಳ್ಳೆಯದು. ಮಾತು ಯಾರಿಗೆಂದು ಅವರು ಎಂದಿಗೂ ಹೇಳುವುದಿಲ್ಲ.